ಅಯ್ಯನವರ ಸೋಮವಾರ: ದಣಿದ ಒಬ್ಬ ಸಭಾಪಾಲಕರ ಪ್ರಕರಣ

ಉತ್ತರ ಕರ್ನಾಟಕದ ಒಂದು ತಾಲ್ಲೂಕು ಊರಿನ ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಭಾಪಾಲಕರು (ಪಾಸ್ಟರ್) ಮತ್ತು ಅವರ ಹೆಂಡತಿ ಇಬ್ಬರೂ ಇದಕ್ಕೆ ಒಪ್ಪಿದ್ದಾರೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಸಭೆಯವರು ಕರೆಯುವಂತೆ ಅವರನ್ನು ಅಯ್ಯನವರು, ಅಮ್ಮನವರು ಎಂದಷ್ಟೇ ಕರೆಯುತ್ತೇನೆ. ನಾನು ನಿವೃತ್ತ ಸಭಾಪಾಲಕ. ಸುಮಾರು ಒಂದೂವರೆ ವರ್ಷ ಅವರ ಜೊತೆಗಿದ್ದು ಕಂಡದ್ದು, ಕೇಳಿದ್ದು, ನಾನೇ ತಪ್ಪು ಹೇಳಿ ತಿದ್ದಿಕೊಂಡದ್ದು ಎಲ್ಲವೂ ಇದರಲ್ಲಿದೆ.

ಹಿನ್ನೆಲೆ

ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಕಾಲಿಟ್ಟ ಮೇಲೆ ಈ ಭಾಗದಲ್ಲಿ ಹುಟ್ಟಿದ ಹಳೆಯ ಸಭೆಗಳ ಸಾಲಿಗೆ ಈ ಸಭೆಯೂ ಸೇರಿದ್ದು. ಊರಿನಲ್ಲಿ ನೂರನಲವತ್ತು ಮನೆಗಳು, ಸುತ್ತಲಿನ ಐದು ಹಳ್ಳಿಗಳಲ್ಲಿ ಚಿಕ್ಕ ಚಿಕ್ಕ ಕೂಟಗಳು. ಇಷ್ಟಕ್ಕೂ ಒಬ್ಬರೇ ಅಯ್ಯನವರು, ಅವರಿಗೊಂದು ಬೈಕು. ವಯಸ್ಸು ನಲವತ್ತಾರು, ಸಭಾಪಾಲಕರಾಗಿ ದೀಕ್ಷೆ ಪಡೆದು ಹದಿನೇಳು ವರ್ಷ.

ಹೊರಗಿನವರಿಗೆ ಸಭಾಪಾಲಕರ ಕೆಲಸವೆಂದರೆ ಭಾನುವಾರದ ಎರಡು ಗಂಟೆ ಎಂದು ತೋರುತ್ತದೆ. ಈ ಅಯ್ಯನವರ ಭಾನುವಾರದಲ್ಲಿ ಊರಿನ ಆರಾಧನೆಯ ನಂತರ ಎರಡು ಹಳ್ಳಿಗಳ ಆರಾಧನೆ, ಸಂಜೆ ಮನೆ ಪ್ರಾರ್ಥನೆ. ವಾರದ ಉಳಿದ ದಿನಗಳಲ್ಲಿ ಆಸ್ಪತ್ರೆ, ಮದುವೆ ಮಾತುಕತೆ, ಹೊಸ ಮನೆಯ ಪ್ರತಿಷ್ಠೆ, ಮಕ್ಕಳ ಶಾಲಾ ಪ್ರವೇಶಕ್ಕೆ ಬೇಕಾದ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಪತ್ರ, ಆಸ್ತಿ ಜಗಳದ ಪಂಚಾಯಿತಿ. ಈಸ್ಟರಿಗೆ ಮುಂಚೆ ಯೇಸುವಿನ ಶ್ರಮೆಯನ್ನು ನೆನೆಯುವ ನಲವತ್ತು ದಿನಗಳಲ್ಲಿ ದಿನಕ್ಕೆರಡು ಮನೆಗಳಲ್ಲಿ ಧ್ಯಾನ. ಶುಭ ಶುಕ್ರವಾರ ಮೂರು ಗಂಟೆಗಳ ಕಾಲ, ಯೇಸು ಶಿಲುಬೆಯ ಮೇಲೆ ನುಡಿದ ಏಳು ವಾಕ್ಯಗಳ ಆರಾಧನೆ, ಮರು ಭಾನುವಾರ ಬೆಳಕು ಹರಿಯುವ ಮೊದಲೇ ಸಮಾಧಿಭೂಮಿಯಲ್ಲಿ ಪುನರುತ್ಥಾನದ ಹಾಡು. ಡಿಸೆಂಬರಿನಲ್ಲಿ ರಾತ್ರಿ ಎರಡರವರೆಗೂ ಕ್ರಿಸ್ಮಸ್ ಹಾಡು ಹಾಡುವ ಕ್ಯಾರೊಲ್ ತಂಡದ ಜೊತೆ ಮನೆ ಮನೆ ಸುತ್ತುವುದು. ಪ್ರತಿ ಮನೆಯಲ್ಲೂ ಚಹಾ. ಬೇಡವೆಂದರೆ ಆ ಮನೆಯವರಿಗೆ ನೋವಾಗುತ್ತದೆ.

ಅಮ್ಮನವರು ಸ್ತ್ರೀಯರ ಕೂಟವನ್ನೂ ಸಂಡೇ ಸ್ಕೂಲನ್ನೂ ನಡೆಸುತ್ತಿದ್ದರು. ಅವರಿಗೆ ಸಂಬಳವಿಲ್ಲ, ಆ ಕೆಲಸಕ್ಕೆ ಹೆಸರೂ ಇಲ್ಲ. ಸಭಾಪಾಲಕರ ಮನೆಯಾದ ಬಂಗಲೆಯ ಬಾಗಿಲು ತಟ್ಟಿದವರಿಗೆ ಮೊದಲು ಕಾಣುತ್ತಿದ್ದದ್ದು ಅವರ ಮುಖವೇ.

ಸಮಸ್ಯೆ ಹೊರಬಿದ್ದ ದಿನ

ಅದೊಂದು ಮಾರ್ಚ್ ತಿಂಗಳು, ಶ್ರಮೆಯ ದಿನಗಳು. ಹತ್ತು ದಿನಗಳಲ್ಲಿ ಮೂರು ಸಾವು. ಮೂರನೆಯ ಶವಸಂಸ್ಕಾರದಲ್ಲಿ, ಪೆಟ್ಟಿಗೆಯನ್ನು ಕುಣಿಗೆ ಇಳಿಸುವ ಹೊತ್ತಿಗೆ, ಅಯ್ಯನವರು ತೀರಿಹೋದವರ ಹೆಸರು ಹೇಳುವ ಕಡೆ ಹಿಂದಿನ ವಾರ ಹೂಳಿದವರ ಹೆಸರು ಹೇಳಿಬಿಟ್ಟರು. ಒಮ್ಮೆಯಲ್ಲ, ಎರಡು ಸಲ. ಯಾರೂ ತಿದ್ದಲಿಲ್ಲ. ತೀರಿಹೋದವರ ಹೆಂಡತಿ ಎದ್ದು ನಿಂತದ್ದು, ಪಕ್ಕದ ಹೆಂಗಸರು ಅವರನ್ನು ಹಿಡಿದು ಕೂರಿಸಿದ್ದು ಮಾತ್ರ ಅಯ್ಯನವರ ಕಣ್ಣಿಗೆ ಬಿತ್ತು. ಕಾರಣ ತಿಳಿದದ್ದು ಮನೆಗೆ ಬಂದ ಮೇಲೆ, ಅಮ್ಮನವರು ಹೇಳಿದಾಗ.

ಆ ರಾತ್ರಿ ಅವರು ರಾಜೀನಾಮೆ ಪತ್ರ ಬರೆದು ಸತ್ಯವೇದದ (ಬೈಬಲ್) ಪುಟಗಳ ನಡುವೆ ಇಟ್ಟರು. ನಾಲ್ಕನೆಯ ದಿನ ನನ್ನ ಮನೆಗೆ ಬಂದರು.

ಅವರು ಹೇಳಿದ್ದರ ಸಾರ ಇಷ್ಟು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ರೆ ಬರುವುದಿಲ್ಲ. ಅಳುವವರ ಎದುರು ಕುಳಿತರೆ ಏನೂ ಅನಿಸುವುದಿಲ್ಲ, ಬಾಯಿ ಮಾತ್ರ ಪ್ರಾರ್ಥಿಸುತ್ತದೆ. ಫೋನ್ ಸದ್ದಾದರೆ ಎದೆ ಬಡಿದುಕೊಳ್ಳುತ್ತದೆ. ಇದನ್ನೆಲ್ಲ ಅವರು ತಮ್ಮ ಆತ್ಮಿಕ ಕೊರತೆಯೆಂದೇ ನಂಬಿದ್ದರು. ಹಾಗಾಗಿ ಬೆಳಗಿನ ಪ್ರಾರ್ಥನೆಗೆ ಐದರ ಬದಲು ನಾಲ್ಕಕ್ಕೆ ಏಳತೊಡಗಿದ್ದರು. ವಾರಕ್ಕೊಂದು ಉಪವಾಸವನ್ನು ಎರಡು ಮಾಡಿಕೊಂಡಿದ್ದರು. ದಣಿದ ಮೈಯ ನಿದ್ರೆಯಿಂದ ಒಂದು ಗಂಟೆ, ಊಟದಿಂದ ಎರಡು ದಿನ ಕಿತ್ತುಕೊಂಡು ಅದನ್ನೇ ಔಷಧಿಯೆಂದು ನುಂಗುತ್ತಿದ್ದರು.

ನನ್ನ ತಪ್ಪನ್ನೂ ದಾಖಲಿಸಬೇಕು. ಮೊದಲ ಭೇಟಿಯಲ್ಲಿ ನಾನು ಕೊಟ್ಟ ಸಲಹೆ, “ಇನ್ನಷ್ಟು ಕರ್ತನ ಮೇಲೆ ಆತುಕೊಳ್ಳಿರಿ” ಎಂಬುದು. ಮಾತು ಸುಳ್ಳಲ್ಲ. ಆದರೆ ಆ ಮನುಷ್ಯನ ಕಿವಿಗೆ ಅದು ‘ಇನ್ನೂ ಬೇಗ ಏಳು’ ಎಂದೇ ಕೇಳಿಸಿತು. ಮುಂದಿನ ವಾರ ಅವರು ಮೂರೂವರೆಗೆ ಎದ್ದರು.

ಎಲೀಯನ ಜಾಲಿಗಿಡ

ನನ್ನ ಯೋಚನೆ ತಿರುಗಿದ್ದು ಸತ್ಯವೇದದ 1 ಅರಸುಗಳು ಪುಸ್ತಕದ 19ನೇ ಅಧ್ಯಾಯವನ್ನು ಅವರ ಜೊತೆ ಕುಳಿತು ನಿಧಾನವಾಗಿ ಓದಿದಾಗ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ ಎಲೀಯ ಅದರ ಬೆನ್ನಿಗೇ ಪ್ರಾಣಭಯದಿಂದ ಓಡುತ್ತಾನೆ, ಅಡವಿಯಲ್ಲಿ ಜಾಲಿಗಿಡದ ಕೆಳಗೆ ಕುಳಿತು ಸಾವು ಬೇಡುತ್ತಾನೆ. ಆಗ ದೇವದೂತನು ಅವನನ್ನು ಗದರಿಸುವುದಿಲ್ಲ, ಉಪದೇಶ ಮಾಡುವುದಿಲ್ಲ. ತಟ್ಟಿ ಎಬ್ಬಿಸಿ ಊಟ ಮಾಡು ಎನ್ನುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ಎಲೀಯನು ತಿಂದು ಮತ್ತೆ ಮಲಗುತ್ತಾನೆ. ಎರಡನೆಯ ಸಲವೂ ಅದೇ. “ನೀನು ಇಲ್ಲಿ ಏನು ಮಾಡುತ್ತೀ?” ಎಂಬ ದೇವರ ಪ್ರಶ್ನೆ ಬರುವುದು ಎಷ್ಟೋ ದಿನಗಳ ನಂತರ, ಹೋರೇಬ್ ಬೆಟ್ಟದಲ್ಲಿ. ರೊಟ್ಟಿ ಮೊದಲು, ನಿದ್ರೆ ಮೊದಲು, ಪ್ರಶ್ನೆ ಆಮೇಲೆ. ನಾನು ಪ್ರಶ್ನೆಯನ್ನೇ ಮೊದಲು ಕೇಳಿದ್ದೆ.

ಮರುದಿನ ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ರಕ್ತದೊತ್ತಡ ಏರಿತ್ತು, ಸಕ್ಕರೆ ಕಾಯಿಲೆ ಶುರುವಾಗಿತ್ತು. ಉಪವಾಸಗಳನ್ನು ಕೂಡಲೇ ನಿಲ್ಲಿಸಬೇಕೆಂದು ವೈದ್ಯರು ಹೇಳಿದರು. ನಿದ್ರೆ ಮತ್ತು ಮನಸ್ಸಿನ ವಿಷಯಕ್ಕೆ ಅವರೇ ಮನೋವೈದ್ಯರೊಬ್ಬರ ಬಳಿಗೆ ಕಳುಹಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ಕೆಲಸದ ದಣಿವನ್ನು ವಿವರಿಸುವಾಗ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿ ಬತ್ತಿಹೋಗುವುದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಮೇಲೆ ಬೇಸರ ಹುಟ್ಟುವುದು, ತನ್ನಿಂದ ಕೆಲಸವಾಗುತ್ತಿಲ್ಲ ಎನಿಸುವುದು. ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸದೆ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಕರೆದಿದೆ. ಇದನ್ನು ಕೇಳಿ ಅಯ್ಯನವರಿಗೆ ಸಮಾಧಾನವಾಯಿತು. “ಹಾಗಾದರೆ ಇದಕ್ಕೆ ನಂಬಿಕೆ ಇಲ್ಲದವನು ಎಂದು ಹೆಸರಲ್ಲ” ಎಂದರು.

ಮೊದಲ ಪ್ರಯತ್ನ: ಏಳು ದಿನ ದೂರ

ಮಲೆನಾಡಿನ ಅಂಚಿನ ಒಂದು ಧ್ಯಾನಮಂದಿರದಲ್ಲಿ ಏಳು ದಿನ ಉಳಿಯುವ ಏರ್ಪಾಡು ಮಾಡಿದೆವು. ಮೊದಲ ಮೂರು ದಿನ ಅವರು ಮಲಗಿಯೇ ಇದ್ದರು, ಎಚ್ಚರವಾದಾಗಲೆಲ್ಲ ನಾಚಿಕೆಪಟ್ಟರು. ಐದನೆಯ ದಿನ ಕೀರ್ತನೆಯೊಂದನ್ನು ಓದಿ ಮುಗಿಸಿದ ಮೇಲೆ, ತಾನು ಅದರಲ್ಲಿ ಪ್ರಸಂಗದ ಮೂರು ಅಂಶ ಹುಡುಕಲಿಲ್ಲವೆಂದು ಅವರಿಗೆ ಹೊಳೆಯಿತು. “ಹದಿನೇಳು ವರ್ಷಗಳಲ್ಲಿ ಮೊದಲ ಸಲ ಸಭೆಗಾಗಿ ಓದದೆ ಹಸಿವಿಗಾಗಿ ಓದಿದೆ” ಎಂದು ಫೋನಿನಲ್ಲಿ ಹೇಳುವಾಗ ಅವರ ದನಿ ನಡುಗುತ್ತಿತ್ತು. ನನಗೂ ಕಣ್ಣು ತುಂಬಿತು.

ಊರಿಗೆ ಬಂದ ಹನ್ನೊಂದನೆಯ ದಿನಕ್ಕೆ ಎಲ್ಲವೂ ಮೊದಲಿನಂತಾಯಿತು. ಹೋದ ವಾರದಲ್ಲಿ ಬಾಕಿ ಉಳಿದ ಭೇಟಿಗಳ ಚೀಟಿ ಮೇಜಿನ ಮೇಲೆ ಕಾದಿತ್ತು. ಏಳು ದಿನದ ವಿಶ್ರಾಂತಿಯ ಸಾಲವನ್ನು ಅವರು ಬಡ್ಡಿ ಸಮೇತ ತೀರಿಸಿದರು. ಏಕಾಂತ ಧ್ಯಾನವನ್ನು ನಾನು ಕೀಳು ಮಾಡುತ್ತಿಲ್ಲ, ಆ ಐದನೆಯ ದಿನ ಇಲ್ಲದಿದ್ದರೆ ಮುಂದಿನದಾವುದೂ ಆಗುತ್ತಿರಲಿಲ್ಲ. ಆದರೆ ಮನುಷ್ಯ ಹೊಸಬನಾಗಿ ಬಂದು ಹಳೆಯ ನೊಗಕ್ಕೇ ಕೊರಳು ಕೊಟ್ಟರೆ, ಅದೇ ಜಾಗದಲ್ಲಿ ಮತ್ತೆ ಗಾಯವಾಗುತ್ತದೆ.

ಎರಡನೆಯ ಪ್ರಯತ್ನ: ಸೋಮವಾರ

ನಂತರ ಅಯ್ಯನವರೇ ನಿರ್ಧರಿಸಿದರು: ಪ್ರತಿ ಸೋಮವಾರ ಸಬ್ಬತ್, ಅಂದರೆ ವಿಶ್ರಾಂತಿಯ ದಿನ. ಸಭೆಯಲ್ಲಿ ಪ್ರಕಟಣೆಯನ್ನೂ ಮಾಡಿದರು. ಮೊದಲ ಸೋಮವಾರ ಚೆನ್ನಾಗಿ ಕಳೆಯಿತು. ಎರಡನೆಯದರಲ್ಲಿ ಆರು ಫೋನ್ ಕರೆಗಳು ಬಂದವು, ಅವರು ಎತ್ತಲಿಲ್ಲ. ಮೂರನೆಯ ಸೋಮವಾರದ ಸಂಜೆ ಅಮ್ಮನವರು ಅಡುಗೆಮನೆಯಿಂದ ಹೊರಬಂದು ಎದುರಿಗೆ ಕುಳಿತರು.

“ರೀ, ನೀವು ಫೋನ್ ಎತ್ತದಿದ್ದರೆ ಅದು ನನಗೆ ಬರುತ್ತದೆ. ನೀವು ಒಳಗಿದ್ದರೆ ಬಾಗಿಲಿಗೆ ನಾನು ಹೋಗುತ್ತೇನೆ. ಇವತ್ತು ಎಂಟು ಜನ ಬಂದರು. ಒಬ್ಬರ ಜೊತೆ ಆಸ್ಪತ್ರೆಗೂ ಹೋಗಿ ಬಂದೆ. ನಿಮ್ಮ ಸೋಮವಾರವನ್ನು ನಾನು ಹೊರುತ್ತಿದ್ದೇನೆ. ನನ್ನ ಸೋಮವಾರ ಯಾವಾಗ?”

ಇಡೀ ಪ್ರಕರಣದ ತಿರುವು ಇದೇ ಎಂದು ನನ್ನ ದೃಢವಾದ ಅಭಿಪ್ರಾಯ. ಅಯ್ಯನವರು ಎರಡು ದಿನ ಯಾರೊಡನೆಯೂ ಹೆಚ್ಚು ಮಾತನಾಡಲಿಲ್ಲ. ಆಮೇಲೆ ನನ್ನ ಬಳಿ ಬಂದು ಧರ್ಮೋಪದೇಶಕಾಂಡದ 5ನೇ ಅಧ್ಯಾಯ ತೆರೆದರು. ವಿಮೋಚನಕಾಂಡದಲ್ಲಿ ಸಬ್ಬತ್ತಿಗೆ ಕೊಟ್ಟ ಕಾರಣ ಸೃಷ್ಟಿ: ದೇವರು ಆರು ದಿನ ಕೆಲಸ ಮಾಡಿ ಏಳನೆಯ ದಿನ ವಿಶ್ರಮಿಸಿದನು. ಧರ್ಮೋಪದೇಶಕಾಂಡದಲ್ಲಿ ಕಾರಣ ಬೇರೆ: ನೀನು ಐಗುಪ್ತದಲ್ಲಿ (ಈಜಿಪ್ಟ್) ದಾಸನಾಗಿದ್ದೆ ಎಂಬುದನ್ನು ಮರೆಯಬೇಡ, ನಿನ್ನ ಹಾಗೆಯೇ ನಿನ್ನ ದಾಸನೂ ದಾಸಿಯೂ ವಿಶ್ರಮಿಸಿಕೊಳ್ಳಲಿ. ಎತ್ತು, ಕತ್ತೆಗಳ ಹೆಸರೂ ಅಲ್ಲಿದೆ. “ನಾನು ಮೊದಲನೆಯ ಕಾರಣವನ್ನಷ್ಟೇ ಆಚರಿಸಿದೆ. ನನ್ನ ಮನೆಯಲ್ಲೇ ಒಬ್ಬರನ್ನು ಐಗುಪ್ತದಲ್ಲಿ ಬಿಟ್ಟಿದ್ದೆ” ಎಂದರು.

ನನಗೆ ಆಗ ಇ. ಸ್ಟಾನ್ಲಿ ಜೋನ್ಸ್ ನೆನಪಾದರು. 1907ರಲ್ಲಿ ಅಮೆರಿಕದಿಂದ ಭಾರತಕ್ಕೆ ಬಂದ ಈ ಮೆಥೊಡಿಸ್ಟ್ ಮಿಷನರಿ ಮೊದಲ ವರ್ಷಗಳಲ್ಲೇ ದುಡಿದು ದುಡಿದು ಪದೇ ಪದೇ ಕುಸಿದವರು. ಲಕ್ನೋದಲ್ಲಿ ಪ್ರಾರ್ಥಿಸುತ್ತಿದ್ದಾಗ, ಇನ್ನು ನನ್ನಿಂದಾಗದು ಎಂದು ಎಲ್ಲವನ್ನೂ ದೇವರಿಗೆ ಒಪ್ಪಿಸಿದ ಮೇಲೆ ಅವರು ಚೇತರಿಸಿಕೊಂಡರು. 1930ರಲ್ಲಿ ಹಿಮಾಲಯದ ತಪ್ಪಲಿನ ಸಾತ್‌ತಾಲದಲ್ಲಿ ಆಶ್ರಮ ಆರಂಭಿಸಿದಾಗ ಅಲ್ಲಿ ಒಂದು ಪದ್ಧತಿ ಇಟ್ಟರು. ವಾರಕ್ಕೊಂದು ದಿನ ಆಶ್ರಮದ ಕೆಲಸಗಾರರಿಗೆ, ಕಕ್ಕಸು ತೊಳೆಯುವವನಿಗೂ ಕೂಡ, ರಜೆ. ಅವರ ಕೆಲಸವನ್ನು ಅಂದು ಆಶ್ರಮವಾಸಿಗಳೇ ಮಾಡಬೇಕು. ಒಬ್ಬರ ವಿಶ್ರಾಂತಿಗೆ ಇನ್ನೊಬ್ಬರ ಕೈ ಬೇಕು, ಆ ಕೈ ಸದಾ ಒಂದೇ ಆಗಿರಬಾರದು. ಈ ಮಾತನ್ನು ನಾನು ಅಯ್ಯನವರಿಗೆ ಹೇಳಿದ್ದಕ್ಕಿಂತ ಹೆಚ್ಚಾಗಿ ನನಗೇ ಹೇಳಿಕೊಂಡೆ. ನನ್ನ ಹೆಂಡತಿಯೂ ಮೂವತ್ತು ವರ್ಷ ಬಂಗಲೆಯ ಬಾಗಿಲಲ್ಲಿ ನಿಂತವಳು.

ಸಮಿತಿಯ ರಾತ್ರಿ

ವಿಷಯ ಸಭಾ ಸಮಿತಿಯ ಮುಂದೆ ಬಂತು. ಅಯ್ಯನವರು ರಾಜೀನಾಮೆ ಪತ್ರವನ್ನು ತೆಗೆದು ಮೇಜಿನ ಮೇಲಿಟ್ಟು, ಅದನ್ನು ಏಕೆ ಬರೆದೆನೆಂದು ಹೇಳಿದರು. ಸಮಾಧಿಭೂಮಿಯ ಘಟನೆಯನ್ನೂ ತಾವೇ ಎತ್ತಿದರು. ಸಭಾಪಾಲಕನೊಬ್ಬ ತನ್ನ ಸಮಿತಿಯ ಎದುರು ‘ನನ್ನಿಂದ ಆಗುತ್ತಿಲ್ಲ’ ಎನ್ನುವುದು ನಮ್ಮ ಸಭೆಗಳಲ್ಲಿ ಎಷ್ಟು ಅಪರೂಪವೆಂದು ಒಳಗಿದ್ದವರಿಗೆ ಗೊತ್ತು.

ಸಭಾಪಾಲಕನನ್ನು ಹಿಂಡು ಕಾಯುವ ಕುರುಬನೆನ್ನುವುದು ನಮ್ಮಲ್ಲಿ ವಾಡಿಕೆ. ಹಿರಿಯರೊಬ್ಬರು ಬೇಸರದಿಂದಲೇ ಕೇಳಿದರು: “ಅಯ್ಯನವರೇ, ಕುರುಬನಿಗೆ ರಜೆ ಉಂಟೇ?”

ಕೋಣೆ ಸುಮ್ಮನಾಯಿತು. ಉತ್ತರ ಕೊಟ್ಟವರು ಹಳ್ಳಿಯ ಕೂಟದಿಂದ ಬಂದ ಒಬ್ಬ ರೈತ ಮಹಿಳೆ. “ಅಣ್ಣಾ, ಪ್ರತಿ ವರ್ಷ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಮಲಗಿಸುತ್ತೇವೆ. ಒಬ್ಬನೇ ಕುರುಬ ಬಂದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ನಾಲ್ಕೈದು ಜನ ಇರುತ್ತಾರೆ. ಒಬ್ಬ ಎದ್ದಿದ್ದರೆ ಉಳಿದವರು ಕಂಬಳಿ ಹೊದ್ದು ಮಲಗುತ್ತಾರೆ. ಬೆಳಗಿನ ಜಾವ ಎದ್ದಿದ್ದವನು ಮಲಗುತ್ತಾನೆ. ಕುರಿಗೇನೂ ಆಗುವುದಿಲ್ಲ.” ಬೇತ್ಲೆಹೇಮಿನ ಹೊಲದಲ್ಲಿ ರಾತ್ರಿ ಹಿಂಡು ಕಾಯುತ್ತಿದ್ದವರೂ ಒಬ್ಬರಲ್ಲ, ಹಲವರು. ಆ ಭಾಗವನ್ನು ಪ್ರತಿ ಕ್ರಿಸ್ಮಸ್‌ನಲ್ಲಿ ಓದುವ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ.

ಅಂದು ರಾತ್ರಿ ಹನ್ನೊಂದರವರೆಗೆ ಕುಳಿತು ತೀರ್ಮಾನಗಳಾದವು. ವಿಶ್ರಾಂತಿ ಭಾನುವಾರ ಸಂಜೆಯಿಂದ ಸೋಮವಾರ ಸಂಜೆಯವರೆಗೆ. ಆದಿಕಾಂಡದಲ್ಲಿ ‘ಸಾಯಂಕಾಲವೂ ಪ್ರಾತಃಕಾಲವೂ’ ಎಂಬ ಕ್ರಮವಿದೆಯಲ್ಲ, ಅಲ್ಲಿ ದಿನ ಆರಂಭವಾಗುವುದೇ ಕತ್ತಲಿನಲ್ಲಿ, ಮನುಷ್ಯ ಮಲಗಿರುವಾಗ. ಅದರ ಪ್ರಕಾರ ಭಾನುವಾರ ಸಂಜೆಯ ಮನೆ ಪ್ರಾರ್ಥನೆ ನಿಂತಿತು. ಆ ಒಂದು ದಿನ ಅಯ್ಯನವರ ಫೋನ್ ಮೂವರು ಹಿರಿಯರ ಕೈಯಲ್ಲಿ ಸರದಿಯಂತೆ ಇರುತ್ತದೆ, ಬಂಗಲೆಗೆ ಬಂದವರನ್ನೂ ಅವರೇ ಕಾಣುತ್ತಾರೆ. ಸಾವಾದರೆ ಹಿರಿಯರು ಮನೆಗೆ ಹೋಗಿ ಕುಟುಂಬದ ಜೊತೆ ಇರುತ್ತಾರೆ, ಸಂಸ್ಕಾರವನ್ನು ಪಕ್ಕದ ಊರಿನ ಸಭಾಪಾಲಕರು ನಡೆಸುತ್ತಾರೆ. ಅವರ ವಿಶ್ರಾಂತಿಯ ದಿನವಾದ ಗುರುವಾರವನ್ನು ನಮ್ಮ ಅಯ್ಯನವರು ಹೊರುತ್ತಾರೆ. ಸ್ತ್ರೀಯರ ಕೂಟಕ್ಕೆ ಅಮ್ಮನವರ ಬದಲು ಬೇರೆ ಅಧ್ಯಕ್ಷೆಯನ್ನು ಆರಿಸುವುದು, ಸಂಡೇ ಸ್ಕೂಲನ್ನು ನಾಲ್ವರು ಯುವಕ ಯುವತಿಯರಿಗೆ ಒಪ್ಪಿಸುವುದು. ಕ್ಯಾರೊಲ್ ತಂಡ ಮೂರಾಗಿ ಒಡೆದು ರಾತ್ರಿ ಹನ್ನೊಂದಕ್ಕೆ ಮುಗಿಸುವುದು.

ಇದರಲ್ಲಿ ಹೊಸದೇನೂ ಇಲ್ಲ. ದಿನವಿಡೀ ಜನರ ವ್ಯಾಜ್ಯ ಕೇಳುತ್ತ ಕುಳಿತ ಮೋಶೆಯನ್ನು ನೋಡಿ ಅವನ ಮಾವ ಇತ್ರೋ ಹೇಳಿದ್ದೂ ಇದನ್ನೇ: ನೀನೂ ಬಳಲಿಹೋಗುವೆ, ಈ ಜನರೂ ಬಳಲಿಹೋಗುವರು. ಜನರೂ ಬಳಲುತ್ತಾರೆ ಎಂಬ ಅರ್ಧವನ್ನು ನಾವು ಓದದೆ ದಾಟಿಬಿಡುತ್ತೇವೆ.

ಏನಾಯಿತು

ಮೊದಲ ಮೂರು ತಿಂಗಳು ಕಷ್ಟವಾಯಿತು. ಅಯ್ಯನವರು ಮನೆಗೆ ಬರುವುದೇ ಇಲ್ಲ ಎಂದು ಎರಡು ಕುಟುಂಬಗಳು ಬೇರೆ ಸಭೆಗೆ ಹೋದವು. ಒಂದು ಕುಟುಂಬ ಈಗಲೂ ಮರಳಿಲ್ಲ. ಸಂಡೇ ಸ್ಕೂಲಿನಲ್ಲಿ ಕೆಲವು ವಾರ ಗದ್ದಲವೇ ಹೆಚ್ಚಿತ್ತು, ಅಮ್ಮನವರು ಕಿಟಕಿಯ ಬಳಿ ನಿಂತು ಒಳಗೆ ಹೋಗದಿರಲು ತಮ್ಮನ್ನು ತಾವೇ ತಡೆದುಕೊಳ್ಳಬೇಕಾಯಿತು. ಸುಮ್ಮನೆ ಕುಳಿತರೆ ತಪ್ಪು ಮಾಡುತ್ತಿದ್ದೇನೆ ಎನಿಸುವುದು ಅಯ್ಯನವರಿಗೆ ನಾಲ್ಕನೆಯ ತಿಂಗಳವರೆಗೂ ಹೋಗಲಿಲ್ಲ. ಕೀರ್ತನೆ 127ರಲ್ಲಿ ಕರ್ತನು ತನ್ನ ಪ್ರಿಯರಿಗೆ ನಿದ್ರೆಯಲ್ಲಿಯೂ ಕೊಡುವವನು ಎಂಬ ಮಾತನ್ನು ಬರೆದು ಮಂಚದ ಪಕ್ಕ ಅಂಟಿಸಿಕೊಂಡಿದ್ದರು.

ನಿಜವಾದ ಪರೀಕ್ಷೆ ಐದನೆಯ ತಿಂಗಳಲ್ಲಿ ಬಂತು. ಒಂದು ಸೋಮವಾರ ಮಧ್ಯಾಹ್ನ ಸಭೆಯ ಯುವಕನೊಬ್ಬ ಬೈಕ್ ಅಪಘಾತದಲ್ಲಿ ತೀರಿಹೋದ. ನಿಯಮದ ಪ್ರಕಾರ ಫೋನ್ ಹಿಡಿದಿದ್ದ ಹಿರಿಯರು ಹೋದರು. ಆದರೂ ಅವರೇ ಬಂಗಲೆಗೆ ಬಂದು ವಿಷಯ ತಿಳಿಸಿದರು, ಬನ್ನಿರಿ ಎಂದು ಕರೆಯಲಿಲ್ಲ. ಅಯ್ಯನವರು ಹತ್ತು ನಿಮಿಷ ಕುಳಿತರು. ಮಾರ್ಕನ ಸುವಾರ್ತೆಯ 6ನೇ ಅಧ್ಯಾಯ ಅವರಿಗೆ ನೆನಪಾಯಿತಂತೆ. ಊಟಕ್ಕೂ ಸಮಯವಿಲ್ಲದ ಶಿಷ್ಯರನ್ನು ಯೇಸು ದಣಿವಾರಿಸಿಕೊಳ್ಳಲು ದೋಣಿಯಲ್ಲಿ ಕರೆದೊಯ್ದರೆ ಜನರು ಅವರಿಗಿಂತ ಮೊದಲೇ ಆ ದಡ ಸೇರಿದ್ದರು. ಆತನು ಕನಿಕರಪಟ್ಟನು, ಹಿಂದಕ್ಕೆ ಕಳುಹಿಸಲಿಲ್ಲ. ಆದರೆ ಅದೇ ಸಂಜೆ ಜನರನ್ನು ಬೀಳ್ಕೊಟ್ಟು ಒಬ್ಬನೇ ಬೆಟ್ಟಕ್ಕೆ ಹೋದನು. ಸಬ್ಬತ್ತಿನಲ್ಲಿ ಬಾವಿಗೆ ಬಿದ್ದ ಎತ್ತನ್ನು ಎತ್ತದಿರುವವರು ಯಾರು ಎಂದು ಕೇಳಿದವನೂ ಆತನೇ.

ಅಯ್ಯನವರು ಹೋದರು. ರಾತ್ರಿಯೆಲ್ಲ ಆ ತಾಯಿಯ ಪಕ್ಕ ಕುಳಿತರು. ಎಷ್ಟೋ ತಿಂಗಳುಗಳ ನಂತರ ಅಳುವವರ ಜೊತೆ ತಮಗೂ ಅಳು ಬಂತೆಂದು ಹೇಳಿದರು. ಮರುದಿನ ಸಂಸ್ಕಾರ ಮುಗಿದ ಮೇಲೆ ಸಮಿತಿಯ ಕಾರ್ಯದರ್ಶಿ ತಾವಾಗಿಯೇ ಬಳಿಗೆ ಬಂದರು. ಹಿಂದೆ “ಕುರುಬನಿಗೆ ರಜೆ ಉಂಟೇ” ಎಂದಿದ್ದವರು ಇವರೇ. “ಅಯ್ಯನವರೇ, ನಿಮ್ಮ ಸೋಮವಾರ ಹೋಯಿತು. ನಾಳೆ ಇಡೀ ದಿನ ನೀವು ಹೊರಗೆ ಬರಬಾರದು. ಬುಧವಾರದ ಕೂಟವನ್ನು ನಾನೇ ನಡೆಸುತ್ತೇನೆ” ಎಂದರು. ಆ ಬುಧವಾರ ಅವರು ತಮ್ಮ ಜೀವನದಲ್ಲಿ ಮೊದಲ ಸಲ ಸಭೆಯ ಮುಂದೆ ನಿಂತು ವಾಕ್ಯ ಹೇಳಿದರು. ಕೈ ನಡುಗುತ್ತಿತ್ತು, ಮಾತು ಹನ್ನೆರಡು ನಿಮಿಷಕ್ಕೆ ಮುಗಿಯಿತು. ಇವತ್ತಿಗೂ ಜನ ಅದನ್ನು ನೆನೆಸುತ್ತಾರೆ.

ಇದರಿಂದ ಕಲಿಯಬೇಕಾದದ್ದೇನೆಂದು ಯುವ ಸಭಾಪಾಲಕರು ನನ್ನನ್ನು ಕೇಳುತ್ತಾರೆ. ಮೊದಲು ವೈದ್ಯರನ್ನು ಕಾಣಿರಿ ಎನ್ನುತ್ತೇನೆ. ಆಮೇಲೆ, ನಿಮ್ಮ ವಿಶ್ರಾಂತಿಯ ದಿನ ಬಾಗಿಲು ತೆರೆಯುವವರು ಯಾರೆಂದು ಎಣಿಸಿ ನೋಡಿರಿ ಎನ್ನುತ್ತೇನೆ. ರಜೆಯ ದಿನವನ್ನು ಅಯ್ಯನವರು ತಾವೇ ಘೋಷಿಸಿಕೊಂಡಾಗ ಅದು ಮೂರು ವಾರವೂ ಬಾಳಲಿಲ್ಲ, ಸಭೆ ಅದನ್ನು ಅವರಿಗೆ ಕೊಟ್ಟಾಗ ನಿಂತಿತು. ಪೂರ್ತಿ ಗುಣವಾಯಿತೆಂದು ನಾನು ಹೇಳಲಾರೆ. ಸಕ್ಕರೆ ಕಾಯಿಲೆಯ ಮಾತ್ರೆ ನಡೆದಿದೆ. ಮುಂದಿನ ವರ್ಷದ ಶ್ರಮೆಯ ದಿನಗಳಲ್ಲಿ ನಿದ್ರೆಯಿಲ್ಲದ ರಾತ್ರಿಗಳು ಮತ್ತೆ ಬಂದವು. ಆ ಸಲ ಅವರು ಎರಡನೆಯ ವಾರದಲ್ಲೇ ಬಾಯಿಬಿಟ್ಟು ಹೇಳಿದರು, ಮನೆ ಧ್ಯಾನಗಳು ದಿನಕ್ಕೆ ಒಂದಾದವು. ಅಮ್ಮನವರು ಸೋಮವಾರ ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ. ತಮಗಾಗಿ ಹೊಲಿದುಕೊಂಡ ಮೊದಲ ರವಿಕೆಯನ್ನು ನನ್ನ ಹೆಂಡತಿಗೆ ತೋರಿಸಿದರು.

ಒಂದು ಕೆಲಸ ಬಾಕಿ ಇತ್ತು. ಸಮಾಧಿಭೂಮಿಯ ಆ ದಿನ ಕಳೆದು ಹತ್ತು ತಿಂಗಳಾದ ಮೇಲೆ ಅಯ್ಯನವರು ಆ ವಿಧವೆಯ ಮನೆಗೆ ಹೋದರು. ಇಷ್ಟು ದಿನ ಹೋಗಲು ಧೈರ್ಯವಾಗಿರಲಿಲ್ಲ. ಚಹಾ ಬರುವ ಮೊದಲೇ ಕ್ಷಮೆ ಕೇಳಿದರು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರಂತೆ: “ಹೆಸರು ತಪ್ಪಿದ್ದು ನನಗೆ ಗೊತ್ತಾಯಿತು ಅಯ್ಯನವರೇ. ಆದರೆ ನಾನು ಎದ್ದು ನಿಂತದ್ದು ಅದಕ್ಕಲ್ಲ. ನಿಮ್ಮ ಮುಖ ಬಿಳಿಚಿತ್ತು, ಪುಸ್ತಕ ಹಿಡಿದ ಕೈ ಅದುರುತ್ತಿತ್ತು. ಒಂದು ಲೋಟ ನೀರು ಕೊಡೋಣವೆಂದು ಎದ್ದೆ. ಇವರು ನನ್ನನ್ನು ಕೂರಿಸಿಬಿಟ್ಟರು.”

ಅಂದಿನ ಪ್ರಾರ್ಥನೆಯಲ್ಲಿ ಅಯ್ಯನವರು ಆಕೆಯ ಗಂಡನ ಹೆಸರನ್ನು ಮೂರು ಸಲ ಹೇಳಿದರು. ಏಳುವಾಗ ಆಕೆ ಕೊಟ್ಟ ನೀರನ್ನು ನಿಂತೇ ಕುಡಿದು, ಲೋಟವನ್ನು ಮತ್ತೊಮ್ಮೆ ತುಂಬಿಸಿಕೊಂಡರು.